ರುಖವತದ ವಿಮಾನಗಳು

ವಿಮಾನ ಎಂದರೆ ಎಲ್ಲರಿಗೂ ಆಕಾಶ ನೆನಪಾಗುತ್ತದಂತೆ. ನನಗೆ ನೆನಪಾಗುವುದು ಧೂಳು. ಜಮಖಂಡಿಯ ನಮ್ಮ ಮನೆಯ ಪಡಸಾಲೆಯಲ್ಲಿ ಅಣ್ಣ ಗೋಡೆಗೆ ಹಲಗೆ ಬಡಿದು ಕಟ್ಟಿಗೆಯ ವಿಮಾನಗಳನ್ನು ಸಾಲಾಗಿ ನಿಲ್ಲಿಸಿದ್ದ. ರೆಕ್ಕೆಯ ಮೇಲೆ, ಬಾಲದ ಸಂದಿಯಲ್ಲಿ, ಗಾಲಿಗಳ ನಡುವೆ, ಎಲ್ಲೆಲ್ಲಿ ಬೆರಳು ಹೋಗುವುದಿಲ್ಲವೋ ಅಲ್ಲೆಲ್ಲ ಧೂಳು ಹೋಗಿ ಕೂರುತ್ತಿತ್ತು. ಅದನ್ನು ಒರೆಸುವವಳು ನಾನು. ತಾಯಿ ಇಲ್ಲದ ಮನೆ. ಅಡಿಗೆ ನನ್ನದು, ನೀರು ನನ್ನದು, ಅಪ್ಪನ ಮಡಿ ನನ್ನದು. ಇಷ್ಟು ಸಾಲದು ಅಂತ ಈ ವಿಮಾನಗಳ ಸೇವೆಯೂ ನನ್ನ ಪಾಲಿಗೇ ಬಂದಿತ್ತು. ದೇವರ ಸಾಮಾನು ತಿಕ್ಕಿದರೆ ಪುಣ್ಯವಾದರೂ ಬಂದೀತು. ಇವನ್ನು ಒರೆಸಿದರೆ ಸೀನು ಬರುತ್ತಿತ್ತು.

ಅಣ್ಣ ದೊಡ್ಡ ಯುದ್ಧದ ಕಾಲದಲ್ಲಿ ವಿಮಾನದಳದಲ್ಲಿ ಬಡಿಗನ ಕೆಲಸ ಮಾಡಿ ಬಂದವನು. ಪೂಜೆ ಮಾಡುವ ಮನೆತನದ ಹುಡುಗ ಉಳಿ, ಬಾಚಿ ಹಿಡಿದನಲ್ಲ ಎಂದು ಅಪ್ಪನಿಗೆ ಕೊನೆಯ ತನಕ ನಾಚಿಕೆ. ಅವನಿದ್ದ ಠಾಣ್ಯದಲ್ಲಿ ಕರಿ ಬಣ್ಣ ಬಳಿದ ಪುಟ್ಟ ವಿಮಾನಗಳನ್ನು ಮಾಳಿಗೆಗೆ ತೂಗುಬಿಡುತ್ತಿದ್ದರಂತೆ. ಕೆಳಗೆ ನಿಂತ ಸಿಪಾಯಿಗಳು ನೋಡಿದ ಕೂಡಲೇ ಇದು ನಮ್ಮದು, ಇದು ವೈರಿಯದು ಎಂದು ಹೇಳಬೇಕು. ಯುದ್ಧ ಮುಗಿದು ಠಾಣ್ಯ ಕಿತ್ತಾಗ ಅವನ್ನೆಲ್ಲ ಕಸಕ್ಕೆ ಎಸೆದರು. ನಮ್ಮ ಪುಣ್ಯಾತ್ಮ ಆರಿಸಿಕೊಂಡು ಬಂದ. ಟ್ರಂಕು ತೆಗೆದು ನೋಡಿದರೆ ಬಟ್ಟೆ ಕಡಿಮೆ, ವಿಮಾನ ಜಾಸ್ತಿ.

ಆಮೇಲೆ ಸಂಸ್ಥಾನ ಹೋಯಿತು, ಮುಂಬೈ ಸರಕಾರ ಬಂತು, ಅಣ್ಣನಿಗೆ ಕಚೇರಿಯಲ್ಲಿ ಕಾರಕೂನಿಕೆ ಸಿಕ್ಕಿತು. ಹುಚ್ಚು ಮಾತ್ರ ಬಿಡಲಿಲ್ಲ. ಬೆಳಗಾವಿಗೆ ಹೋದರೆ ಹಳೆ ಸಾಮಾನಿನ ಅಂಗಡಿಗಳನ್ನು ಜಾಲಾಡುವುದು, ಜೊತೆಗೆ ಕೆಲಸ ಮಾಡಿದವರ ಹತ್ತಿರ ಅದಲುಬದಲು ಮಾಡಿಕೊಳ್ಳುವುದು. ಎಲ್ಲೂ ಸಿಗದಿದ್ದುದನ್ನು ತಾನೇ ಕೆತ್ತುತ್ತಿದ್ದ. ಅದಕ್ಕಾಗಿ ರವಿವಾರ ಸೈಕಲ್ಲು ಹತ್ತಿ ಬನಹಟ್ಟಿಗೆ ಹೋಗಿ, ನೇಕಾರರು ಸವೆದುಹೋಯಿತೆಂದು ಮೂಲೆಗೆ ಹಾಕಿದ ಮಗ್ಗದ ಲಾಳಿಗಳನ್ನು ಕೇಳಿ ತರುತ್ತಿದ್ದ. ಗಟ್ಟಿ ಕಟ್ಟಿಗೆ, ಎರಡೂ ತುದಿ ಚೂಪು, ನಡುವೆ ದಪ್ಪ. ಅರ್ಧ ವಿಮಾನ ಆಗಲೇ ಆಗಿಬಿಟ್ಟಿದೆ ಎನ್ನುತ್ತಿದ್ದ. ಅವನ ದೊಡ್ಡ ಡಕೋಟಾ ವಿಮಾನ ಹಾಗೆ ಒಂದು ಲಾಳಿಯಿಂದ ಎದ್ದದ್ದು.

ಅಳತೆ ಮಾತ್ರ ಕಟ್ಟುನಿಟ್ಟು. ಆರು ಅಡಿಗೆ ಒಂದು ಇಂಚು. ಖರೆ ವಿಮಾನ ಆರು ಅಡಿ ಇದ್ದರೆ ಇದು ಒಂದು ಇಂಚು, ಅದಕ್ಕಿಂತ ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ.

“ಹಂಗಾದ್ರ ನಾ ಎಷ್ಟ ಉದ್ದ ಆಗ್ತೀನಿ?” ಎಂದು ಒಮ್ಮೆ ಕೇಳಿದೆ.

“ನೀ ಒಂದ ಇಂಚೂ ಆಗೂದಿಲ್ಲ.”

“ಛಲೋ ಆತು. ಹಲಗಿ ನಿಲುಕೂದಿಲ್ಲ, ಧೂಳ ಒರಸೂದು ತಪ್ಪತದ.”

ನಕ್ಕ. ಅವನು ನಗುವುದೇ ಅಪರೂಪ. ಯುದ್ಧದಿಂದ ಬಂದವನ ಮುಖದಲ್ಲಿ ಯಾವಾಗಲೂ ಬಹಳ ದೂರ ನಡೆದು ಬಂದವನ ಸುಸ್ತು ಇರುತ್ತಿತ್ತು. ಇವುಗಳಲ್ಲಿ ಏನಿದೆ ಅಂತ ಇಷ್ಟು ಒದ್ದಾಡುತ್ತೀ ಎಂದು ಕೇಳಿದ್ದಕ್ಕೆ, “ಇಷ್ಟ ಸಣ್ಣವು ಇದ್ರ ಅಂಜಿಕಿ ಬರೂದಿಲ್ಲ” ಎಂದ.

ಒಂದು ತಕರಾರು ಇತ್ತು. ರೆಕ್ಕೆ ಅಂಟಿಸಲು ಬಡಿಗರ ಅಂಟು ಬೇಕು. ಅದು ಚರ್ಮ ಕುದಿಸಿ ಮಾಡುವಂಥದ್ದು. ಅಪ್ಪ ಅದನ್ನು ಹೊಸ್ತಿಲ ಒಳಗೆ ಬಿಡುತ್ತಿರಲಿಲ್ಲ. ಹಾಗಾಗಿ ಅಣ್ಣ ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಒಡಕು ಡಬ್ಬಿಯಲ್ಲಿ ಅಂಟು ಕಾಯಿಸುತ್ತಿದ್ದ. ರೆಕ್ಕೆಯನ್ನು ಒಂದು ಕಡೆಯಿಂದ ಅವನು ಒತ್ತಿ ಹಿಡಿದರೆ, ಇನ್ನೊಂದು ಕಡೆಯಿಂದ ಹಿಡಿಯಲು ನಾನು ಬೇಕು. ಅಂಟು ಬಿಗಿಯುವ ತನಕ ಕೈ ಬಿಡುವ ಹಾಗಿಲ್ಲ. ಕುತ್ತಿಗೆ ಹಿಡಿದುಕೊಳ್ಳುತ್ತಿತ್ತು, ನಾತಕ್ಕೆ ಹೊಟ್ಟೆ ತೊಳೆಸುತ್ತಿತ್ತು. ಆಮೇಲೆ ಸ್ನಾನ ಮಾಡದೆ ಒಳಗೆ ಬರುವಂತಿಲ್ಲ. ಆದರೂ ಆ ಹೊತ್ತಿನಲ್ಲಿ ಅಣ್ಣ ನಾಲ್ಕು ಮಾತಾಡುತ್ತಿದ್ದ, ನಾನು ನಲವತ್ತು ಆಡುತ್ತಿದ್ದೆ.

ನನ್ನ ಮದುವೆ ಮುಧೋಳದಲ್ಲಿ ಗೊತ್ತಾಯಿತು. ನಮ್ಮ ಕಡೆ ಮದುವೆಯಲ್ಲಿ ರುಖವತ ಎಂದು ಇಡುತ್ತಾರೆ. ಹುಡುಗಿಯ ತವರಿನವರು ಕೈಯಾರೆ ಮಾಡಿದ ಉಂಡೆ, ಚಕ್ಕುಲಿ, ಮಣಿಯ ತೋರಣ, ಕಸೂತಿ ಎಲ್ಲವನ್ನೂ ಮೇಜಿನ ಮೇಲೆ ಹೊಂದಿಸಿ ಬೀಗರಿಗೆ ತೋರಿಸಬೇಕು. ತಾಯಂದಿರು ವರ್ಷಗಟ್ಟಲೆ ಮಾಡಿ ಕೂಡಿಡುವ ಸಾಮಾನು ಅದು. ನನಗೆ ಯಾರು ಮಾಡಬೇಕು? ಬೀಳಗಿಯಿಂದ ಮಾವಶಿ, ಅಂದರೆ ನಮ್ಮ ಅವ್ವನ ತಂಗಿ, ಬಂದು ಕೈಲಾದಷ್ಟು ಮಾಡಿದಳು. ಆದರೂ ಅರ್ಧ ಮೇಜು ಖಾಲಿ. ಮದುವೆಯ ದಿನ ಮುಂಜಾನೆ ನೆರೆಮನೆಯ ಹೆಂಗಸೊಬ್ಬಳು ನೋಡಿ, “ತಾಯಿಲ್ಲದ ಹುಡುಗಿ ರುಖವತ. ಇಷ್ಟರ ಆತಲ್ಲ, ಪಾಪ” ಎಂದಳು. ಆ “ಪಾಪ” ಕೇಳಿ ನನಗೆ ಮೈಯೆಲ್ಲ ಉರಿಯಿತು.

ಅಣ್ಣನೂ ಅದನ್ನು ಕೇಳಿಸಿಕೊಂಡ. ಒಳಗೆ ಹೋಗಿ ದೊಡ್ಡ ಪರಾತದ ತಟ್ಟೆಯಲ್ಲಿ ವಿಮಾನಗಳನ್ನೆಲ್ಲ ಹೊತ್ತು ತಂದು, ಚಕ್ಕುಲಿಯ ಗೋಪುರದ ಆಚೀಚೆ ಹೊಂದಿಸಿಬಿಟ್ಟ. ಡಕೋಟಾ ನಡುವೆ, ಎರಡಂತಸ್ತಿನ ರೆಕ್ಕೆಯ ಹಳೇ ವಾಪಿಟಿ ಮುಂದೆ, ಕಸದಿಂದ ಮೊದಲು ಎತ್ತಿದ ಕರಿ ಹರಿಕೇನ್ ಉಂಡೆಯ ತಟ್ಟೆಯ ಪಕ್ಕ. ಮೇಜು ತುಂಬಿಹೋಯಿತು. ಬೀಗರ ಕಡೆಯ ಗಂಡಸರು ಊಟ ಬಿಟ್ಟು ಬಂದು ನಿಂತರು. “ಅಬ್ಬಬ್ಬಾ, ರುಖವತದಾಗ ವಿಮಾನ ನೋಡಿದ್ದು ಇದ ಮೊದಲು!” ನೆರೆಮನೆಯವಳ ಬಾಯಿ ಮುಚ್ಚಿತು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ತಲೆ ತಗ್ಗಿಸಿ ಕೂತಿರಬೇಕಾದ ಮದುಮಗಳು ತಲೆಯೆತ್ತಿ ನೋಡುತ್ತಿದ್ದೆ.

ಮಾವಶಿ ಪದ್ಧತಿಯ ಪ್ರಕಾರ ಎಲ್ಲಕ್ಕೂ ಅರಿಷಿಣ ಕುಂಕುಮ ಏರಿಸಿದಳು. ವಿಮಾನಗಳಿಗೂ ಏರಿಸಿದಳು. ಅಲ್ಲೇ ಆಗಿದ್ದು ಎಡವಟ್ಟು. ಕುಂಕುಮ ಬಿದ್ದ ರುಖವತವೆಲ್ಲ ಹುಡುಗಿಯ ಜೊತೆ ಗಂಡನ ಮನೆಗೆ ಹೋಗಬೇಕು, ಹಿಂದೆ ಬರುವಂತಿಲ್ಲ. ಹೆಂಗಸರಿಗೆಲ್ಲ ಗೊತ್ತಿರುವ ಮಾತು. ಗಂಡಸರು ಯಾವತ್ತು ರುಖವತದ ಕಡೆ ತಿರುಗಿ ನೋಡಿದ್ದಾರೆ? ತೋರಿಸಲು ಇಟ್ಟಿದ್ದೇನೆ, ಸಂಜೆ ಎತ್ತಿಕೊಳ್ಳುತ್ತೇನೆ ಅಂದುಕೊಂಡಿದ್ದ ಅಣ್ಣ. ಅವನು ಅಡಿಗೆಯವರ ಕಡೆಯಿಂದ ಬರುವಷ್ಟರಲ್ಲಿ ಬೀಗರ ಹೆಂಗಸರು ಚಕ್ಕುಲಿಯ ಜೊತೆ ವಿಮಾನಗಳನ್ನೂ ಟ್ರಂಕಿಗೆ ತುಂಬುತ್ತಿದ್ದರು.

ಅಣ್ಣನ ಮುಖ ನಾನು ನೋಡಿದೆ. ಬಾಯಿ ತೆರೆದ. ಹಿಂದಕ್ಕೆ ಕೇಳಿದರೆ ಬೀಗರಿಗೆ ಅವಮಾನ, ನನಗೆ ಜನ್ಮವಿಡೀ ಮಾತು ಕೇಳುವ ಪಾಡು. ಮುಚ್ಚಿದ. ಮೇಜಿನ ಮೇಲೆ ಡಕೋಟಾ ಒಂದೇ ಉಳಿದಿತ್ತು. ಅದನ್ನು ತನ್ನ ಹೆಗಲ ಮೇಲಿನ ಉಪರಣಿಯಲ್ಲಿ ಸುತ್ತಿ ತಾನೇ ಟ್ರಂಕಿನಲ್ಲಿಟ್ಟ. ನಾನು ಅಳುತ್ತಿದ್ದೆ. ತವರು ಬಿಡುವ ದುಃಖ ಎಂದು ಎಲ್ಲರೂ ಸಮಾಧಾನ ಹೇಳಿದರು.

ಮುಧೋಳದಲ್ಲಿ ಅತ್ತೆಯವರು ಅವನ್ನು ಪಡಸಾಲೆಯ ತೊಲೆಗೆ ಸಾಲಾಗಿ ತೂಗುಹಾಕಿಸಿದರು. ಓಣಿಯಲ್ಲಿ ನಮ್ಮದು ವಿಮಾನದ ಮನೆ ಎಂದೇ ಆಯಿತು. ಬಂದವರಿಗೆಲ್ಲ ತೋರಿಸುವುದು ಅತ್ತೆಯವರ ಕೆಲಸ, ಒರೆಸುವುದು ನನ್ನ ಕೆಲಸ. ಎಲ್ಲಿ ಹೋದರೂ ಬೆನ್ನು ಬಿಡದ ಧೂಳು! ಮನೆ ತುಂಬ ಜನ, ಒಬ್ಬರ ಜೊತೆಯೂ ಮನಸ್ಸು ಬಿಚ್ಚಿ ಮಾತಾಡುವಂತಿಲ್ಲ. ನಮ್ಮವರು ಒಳ್ಳೆಯವರೇ. ಆದರೆ ಹಿರಿಯರ ಎದುರು ಹೆಂಡತಿಯ ಜೊತೆ ಮಾತಾಡಿದರೆ ಏನೋ ಆಗಿಬಿಡುತ್ತದೆ ಎನ್ನುವ ಕಾಲ ಅದು. ದಿನ ಮುಗಿಯುವ ಹೊತ್ತಿಗೆ ನನಗೆ ಸಾಕುಸಾಕಾಗಿ, ಗೋಡೆಗೆ ಒರಗಿದರೆ ಅಲ್ಲೇ ಕಣ್ಣು ಮುಚ್ಚುತ್ತಿತ್ತು.

ಮೊದಲ ನಾಗರಪಂಚಮಿಗೆ ಅಣ್ಣ ಕರೆಯಲು ಬಂದ. ತವರಿಗೆ ಹೋಗಿ ನೋಡಿದರೆ ಹಲಗೆ ಖಾಲಿ. ರವಿವಾರ ಸೈಕಲ್ಲು ತೆಗೆಯುವುದೂ ನಿಂತಿತ್ತು. ಹೇಗಾದರೂ ಮಾಡಿ ಇವನ ವಿಮಾನಗಳನ್ನು ಇವನಿಗೆ ಮುಟ್ಟಿಸಲೇಬೇಕು ಎಂದು ಅಂದೇ ಮನಸ್ಸಿನಲ್ಲಿ ಗಟ್ಟಿ ಮಾಡಿದೆ.

ದೀಪಾವಳಿಯಾದ ಮೇಲೆ ಡಕೋಟಾದ ಮೇಲೆ ಗುಬ್ಬಿಗಳು ಕೂತು ಕೂತು ದಾರ ಹರಿದು ಬಿತ್ತು. ಒಂದು ರೆಕ್ಕೆ ಕಳಚಿತು. ಮನೆಯ ಮಾನವೇ ಹೋದಂತೆ ಅತ್ತೆಯವರು ಗಾಬರಿಯಾಗಿ, ಜಮಖಂಡಿಗೆ ಹೋಗುವ ಮೋಟಾರಿನವನ ಕೈಯಲ್ಲಿ ಅಣ್ಣನಿಗೆ ಹೇಳಿ ಕಳಿಸಿದರು. ಅಣ್ಣ ಅಂಟಿನ ಡಬ್ಬಿ ಹಿಡಿದು ಬಂದ. ಇಲ್ಲಿಯೂ ಆ ಅಂಟು ಹೊಸ್ತಿಲ ಒಳಗೆ ಬರುವಂತಿಲ್ಲ. ಹಿತ್ತಲಲ್ಲಿ ಮೂರು ಕಲ್ಲು ಹೂಡಿದೆವು. ನಾತಕ್ಕೆ ಯಾರೂ ಆ ಕಡೆ ಸುಳಿಯಲಿಲ್ಲ. ಒಂದು ಕಡೆ ಅವನು, ಒಂದು ಕಡೆ ನಾನು, ರೆಕ್ಕೆ ಒತ್ತಿ ಹಿಡಿದು ಮಧ್ಯಾಹ್ನವೆಲ್ಲ ಕೂತೆವು. ನಾನು ತಡೆದಿಟ್ಟುಕೊಂಡಿದ್ದ ಮಾತೆಲ್ಲ ಸುರಿದೆ. ಅವನು “ಹೂಂ, ಹೂಂ” ಎನ್ನುತ್ತ ಕೇಳಿದ.

ಅವನು ಹೋದ ಮೇಲೆ ನಾನು ಇನ್ನೂ ಹುಷಾರಾದೆ. ಇವನ ಸಾಮಾನು ಇವನಿಗೆ ಮುಟ್ಟುವ ತನಕ ಒಂದು ಚೂರೂ ಹಾಳಾಗಬಾರದು. ದಪ್ಪ ದಾರ ಕಟ್ಟಿದೆ, ಗುಬ್ಬಿ ಓಡಿಸಿದೆ, ಅಡಿಗೆಯ ನಡುವೆಯೂ ಎದ್ದು ಬಂದು ನೋಡಿದೆ. ಸಂಕ್ರಾಂತಿಗೆ ಎಳ್ಳು ಕೊಡಲು ಅಣ್ಣ ಬಂದಾಗ ತೊಲೆಯ ಕಡೆ ನೋಡಿ, “ಯಾವುದೂ ಮುರದಿಲ್ಲೇನು?” ಎಂದು ಕೇಳಿದ.

“ಒಂದೂ ಇಲ್ಲ!” ಎಂದೆ ಜಂಬದಿಂದ.

“ಛಲೋ ಆತು,” ಎಂದ. ಎಲ್ಲರ ಎದುರು ಚಹಾ ಕುಡಿದು, ಕೂತಷ್ಟೇ ಬೇಗ ಎದ್ದು ಹೋದ. ಪಾಪ, ವಿಮಾನಗಳ ಚಿಂತೆ ಇವನನ್ನು ಬಿಟ್ಟಿಲ್ಲ ಅಂದುಕೊಂಡೆ.

ಮರುವರ್ಷದ ಪಂಚಮಿಗೆ ಧೈರ್ಯ ಮಾಡಿದೆ. ತವರಿಗೆ ಒಯ್ಯುವ ಉಂಡೆಯ ಡಬ್ಬಿಯನ್ನು ಯಾರೂ ತೆಗೆದು ನೋಡುವುದಿಲ್ಲ. ಕರಿ ಹರಿಕೇನನ್ನು ಬಟ್ಟೆಯಲ್ಲಿ ಸುತ್ತಿ ಉಂಡೆಗಳ ಅಡಿಗಿಟ್ಟು, ತೊಲೆಯ ಮೇಲಿನ ಉಳಿದ ವಿಮಾನಗಳನ್ನು ಸರಿಸಿ ಜಾಗ ಮುಚ್ಚಿದೆ. ಜಮಖಂಡಿ ಮುಟ್ಟುವ ತನಕ ಮೋಟಾರಿನಲ್ಲಿ ಜೀವ ಕೈಯಲ್ಲಿ ಹಿಡಿದು ಕೂತಿದ್ದೆ. ಅಪ್ಪ ಗುಡಿಗೆ ಹೋದಾಗ ಅದನ್ನು ತೆಗೆದು ಅಣ್ಣನ ಕೈಗಿಟ್ಟೆ.

“ಇದನ್ನ ಯಾಕ ತಂದಿ?”

“ನಿಂದು, ಅದಕ್ಕ ತಂದೆ. ವರ್ಷಾ ಒಂದೆರಡು ತರ್ತೀನಿ. ಯಾರಿಗೂ ಗೊತ್ತಾಗೂದಿಲ್ಲ.”

ಅದನ್ನು ತಿರುಗಿಸಿ ತಿರುಗಿಸಿ ನೋಡಿದ. “ಎಲ್ಲೂ ಮುರದಿಲ್ಲ,” ಎಂದ.

“ಯಾಕ ಮುರೀತದ? ಕೂಸಿನಂಗ ನೋಡ್ಕೊಂಡೀನಿ.”

“ಹೌದವಾ, ಭಾಳ ಛಲೋ ನೋಡ್ಕೊಂಡಿ.” ಖಾಲಿ ಹಲಗೆಯ ಕೆಳಗೆ ಕುಸಿದವನ ಹಾಗೆ ಕೂತ. “ಮಗಳ್ನ ಕೊಟ್ಟ ಮನಿಗೆ ಕಾರಣ ಇಲ್ಲದ ಹೋಗಬಾರದು ಅಂತಾರ ಅಪ್ಪ. ನಿಮ್ಮತ್ತೀನೂ ಹಂಗ ಅಂತಾರ. ಏನಂತ ಹೇಳಿ ಬರ್ಲಿ ನಾ? ಏನರ ಮುರದ್ರ ಬರಬೇಕು. ದೀಪಾವಳಿ ಆದಮ್ಯಾಲೆ ನೀ ಒಂದೂ ಮುರಿಯಾಕ ಬಿಡಲಿಲ್ಲ.”

“ನಿನಗ ಇವು ಬ್ಯಾಡೇನು?” ಎಂದೆ.

“ಬೇಕು,” ಎಂದ. “ಖರೆ ಹೇಳ್ತೀನಿ, ಅವತ್ತ ಅವರು ಟ್ರಂಕ್ ತುಂಬೂಮುಂದ ಹೊಟ್ಟಿ ಉರದಿತ್ತು. ಈಗ ಅವು ಅಲ್ಲೇ ಇರ್ಲಿ. ಇಲ್ಲಿ ಯಾರ ಜೋಡಿ ಮಾತಾಡ್ಲಿ ನಾ?”

ಹರಿಕೇನ್ ಅದೇ ಉಂಡೆಯ ಡಬ್ಬಿಯಲ್ಲಿ ನನ್ನ ಜೊತೆ ಮುಧೋಳಕ್ಕೆ ಮರಳಿತು.

ಹಬ್ಬ ಮುಗಿದು ಒಂದು ಮಧ್ಯಾಹ್ನ ಅತ್ತೆಯವರು ಪುರಾಣ ಕೇಳಲು ಹೋದಾಗ ಸ್ಟೂಲು ಹತ್ತಿ ಡಕೋಟಾ ಇಳಿಸಿದೆ. ಕಟ್ಟಿಗೆ ಮುರಿಯಬಾರದು, ಅಂಟು ಮಾತ್ರ ಬಿಡಬೇಕು. ಬೆಸುಗೆ ಎಲ್ಲಿದೆ ಎಂದು ಒತ್ತಿ ಹಿಡಿದ ಕೈಗೆ ಗೊತ್ತಿತ್ತು. ಇಷ್ಟು ವರ್ಷ ಕಾಯ್ದದ್ದನ್ನು ಹಿಡಿದು ತಿರುವಿದೆ. ಟಕ್ ಎಂದಿತು. ಅತ್ತೆಯವರು ಬಂದ ಮೇಲೆ ಎರಡೂ ತುಂಡು ಮುಂದಿಟ್ಟು, “ಗುಬ್ಬಿ ರೀ, ಅತ್ಯಾ” ಎಂದೆ.

“ಈ ಗುಬ್ಬಿಗೋಳ ಕಾಟ ಹೆಚ್ಚಾತು ನೋಡು,” ಎಂದರು ಅತ್ತೆಯವರು. “ನಿಮ್ಮಣ್ಣಗ ಹೇಳಿ ಕಳಸು. ಮುಂಜಾನೆ ಬಾ ಅನ್ನು, ಊಟ ಮಾಡ್ಕೊಂಡ ಹೋಗ್ಲಿ.”

ನಾನು ಹಿತ್ತಲಿಗೆ ಹೋಗಿ ಮೂರು ಕಲ್ಲು ಸರಿ ಮಾಡಿಟ್ಟೆ.

ಆಮೇಲೆ ಎಷ್ಟು ಸಲ ಮುರಿದೆನೋ ಲೆಕ್ಕವಿಲ್ಲ. ವಾಪಿಟಿಯ ಗಾಲಿ, ಹರಿಕೇನಿನ ಬಾಲ, ಮತ್ತೆ ಡಕೋಟಾದ ರೆಕ್ಕೆ. ಆ ವಿಮಾನಗಳಲ್ಲಿ ಕಟ್ಟಿಗೆಗಿಂತ ಅಂಟೇ ಹೆಚ್ಚಾಯಿತು. ಅಣ್ಣ ಹೋಗಿ ಬಹಳ ವರ್ಷವಾಯಿತು. ಅವು ಇನ್ನೂ ತೊಲೆಗೆ ತೂಗುತ್ತಿವೆ, ಒರೆಸುವವಳು ಈಗಲೂ ನಾನೇ, ಕೈ ಸೋತಿದೆ. ಅವನು ಹೋದ ಮೇಲೆ ಒಂದೂ ಮುರಿದಿಲ್ಲ.