ಕರಜಗಿಯ ಬಾಗಿದ ಗ್ಯಾಲರಿ

ಮೊನ್ನೆ ಹಳೆಯ ಪೆಟ್ಟಿಗೆಯಲ್ಲಿ ನಾನೇ ಬರೆದ ಒಂದು ಲೆಕ್ಕದ ಹಾಳೆ ಸಿಕ್ಕಿತು. ಮೂಲೆಯಲ್ಲಿ ಸಿಮೆಂಟಿನ ಹೆಬ್ಬೆರಳ ಗುರುತು. ಕಾಕಾನ ಮನೆ ಕಟ್ಟಿದ ಗೌಂಡಿಯದು. ಓದಲು ಹಿಡಿದದ್ದಲ್ಲ, ತಂಬಾಕು ಕಟ್ಟಿಕೊಳ್ಳಲು ಬರುತ್ತದೋ ಎಂದು ಎಲ್ಲರೆದುರು ತಿರುಗಿಸಿ ನೋಡಿದ್ದರು.

ಆಗ ನಾನು ಡಿಪ್ಲೊಮಾ ಮುಗಿಸಿ ಬಂದವನು. ಕರಜಗಿಯಲ್ಲಿ ಕಾಕಾ ಮನೆ ಕಟ್ಟಿಸುತ್ತಿದ್ದರು. ಮಹಡಿಯಲ್ಲಿ ರಸ್ತೆಯ ಕಡೆ ಐದು ಅಡಿ ಚಾಚಿದ ಗ್ಯಾಲರಿ, ಒಂದು ಬದಿ ಗೋಡೆಯೊಳಗೆ, ಇನ್ನೊಂದು ಗಾಳಿಯಲ್ಲಿ. ಟ್ಯಾಂಕರಿನ ಪೈಪು ಮುಟ್ಟಬೇಕೆಂದು ನೀರಿನ ಬ್ಯಾರಲ್ ತುದಿಯಲ್ಲೇ ಇರಲಿ ಎಂದಿದ್ದರು ಕಾಕಾನ ಹೆಂಡತಿ, ಕಾಕು. ಗ್ಯಾಲರಿಯ ಸ್ವಂತ ಭಾರಕ್ಕೂ ಜನರ ಭಾರಕ್ಕೂ ತುದಿ ಎಷ್ಟು ಬಾಗುತ್ತದೆ ಎಂದು ಮೊದಲು ಲೆಕ್ಕ ತೆಗೆದೆ. ಆಮೇಲೆ ತುದಿಯ ಮೋಟುಗೋಡೆಗೂ ಬ್ಯಾರಲ್ಲಿಗೂ ಎಷ್ಟು ಎಂದು. ಎರಡೂ ಕೂಡಿಸಿದರೆ ಹತ್ತು ಮಿಲಿಮೀಟರಿನೊಳಗೆ. ಕಬ್ಬಿಣದ ಸಳಿಗಳು ಸ್ಲ್ಯಾಬಿನ ಮೇಲ್ಭಾಗದಲ್ಲಿ ಇದ್ದರೆ ಮಾತ್ರ, ಎಂದು ಬರೆದು ಗೆರೆ ಎಳೆದೆ.

"ಸಾಹೇಬ್ರ, ಹತ್ತ ಮಿಲಿಮೀಟರ್ ನನ್ನ ಸಿಮೆಂಟ್ ಗಿಲಾವಿನ್ಯಾಗ ಮುಚ್ಚಿ ಹೋಗತೈತಿ. ಅದಕ್ಕ ಇಷ್ಟ ಕಾಗದ ಯಾಕ ಹೊಲಸ ಮಾಡೀರಿ?" ಎಂದರು ಗೌಂಡಿ. ಕೂಲಿಯವರು ನಕ್ಕರು.

"ನಿಮಗ ಸಹಿ ಮಾಡಾಕರೆ ಬರತೈತೇನು?" ಎಂದೆ ನಾನು. ಯಾರೂ ನಗಲಿಲ್ಲ. ಅಂದಿನಿಂದ ನಮ್ಮ ಮಾತು ನಿಂತಿತು. ಏನಿದ್ದರೂ ಕಾಕಾನ ಮೂಲಕ.

ಸಳಿಗಳನ್ನು ಅವರು ಮೇಲೆಯೇ ಕಟ್ಟಿದ್ದರು. ಇದನ್ನು ಬರೆಯಲೇಬೇಕು. ಸ್ಲ್ಯಾಬ್ ಹಾಕುವ ದಿನ ಬುಟ್ಟಿ ಹೊತ್ತವರು ಅವುಗಳ ಮೇಲೆ ನಡೆದಾಡಿದರು. ಗೋಡೆಯ ಹತ್ತಿರ ಸಳಿಗಳು ತುಳಿತಕ್ಕೆ ಇಳಿದು ಕೆಳಗಿನ ಹಲಗೆಗೆ ತಾಗಿದವು; ಅಲ್ಲಿ ಅವು ಭಾರ ಹಿಡಿಯುವುದಿಲ್ಲ. ನಾನು ಎರಡು ಮಾರು ದೂರದಲ್ಲಿ ನಿಂತು ನೋಡಿದೆ. ಗೌಂಡಿ ಕೆಳಗೆ ಮಿಕ್ಸರ್ ಹತ್ತಿರ ಇದ್ದರು. ಕರೆದಿದ್ದರೆ ಬರುತ್ತಿದ್ದರು. ಕರೆಯಬೇಕಾದರೆ ಮಾತಾಡಬೇಕಿತ್ತು… ಆಗಲಿ, ಅವರಿಗೆ ಬುದ್ಧಿ ಬರಲಿ ಎಂದುಕೊಂಡೆ. ಅಷ್ಟರಲ್ಲಿ ಸಳಿಗಳ ಮೇಲೆ ಕಾಂಕ್ರೀಟು ಬಿತ್ತು.

ತುದಿಯ ಕೆಳಗೆ ಕೊಟ್ಟಿದ್ದ ಆಸರೆಗಳನ್ನು ತೆಗೆದ ದಿನ ಗ್ಯಾಲರಿ ಮೂರು ಬೆರಳು ಬಾಗಿತು. ಅದು ಗೋಡೆಗೆ ಸೇರುವಲ್ಲಿ ಉದ್ದಕ್ಕೂ ಬಿರುಕು. ಒಳಗಿನ ಆಸರೆಗಳನ್ನು ಇನ್ನೂ ತೆಗೆದಿರಲಿಲ್ಲ, ಹಾಗಾಗಿ ಯಾರಿಗೂ ಏನೂ ಆಗಲಿಲ್ಲ. ಗೌಂಡಿ ಬಿರುಕಿನ ಮೇಲೆ ಬೆರಳಾಡಿಸಿ, ಅಷ್ಟು ದಿನದ ಮೇಲೆ ನನ್ನನ್ನೇ ನೋಡಿ ಹೇಳಿದರು: "ಸಳಿ ನಾ ಮ್ಯಾಲೇ ಕಟ್ಟಿದ್ನಿ."

ಎಲ್ಲರೂ ನನ್ನ ಕಡೆ ತಿರುಗಿದರು.

"ನನ್ನ ಲೆಕ್ಕ ಸರಿ ಐತಿ," ಎಂದೆ. ಸುಳ್ಳೇನೂ ಅಲ್ಲ.

ತಪ್ಪು ಗೌಂಡಿಯ ತಲೆಗೆ ಬಂತು. ಬಾಲಗಾಂವದಲ್ಲಿ ಅವರಿಗೆ ಒಪ್ಪಿಸಿದ್ದ ಮನೆ ಬೇರೆಯವರ ಕೈಗೆ ಹೋಯಿತು. ಆಮೇಲೆ ಶೇಗಾಂವದ್ದೂ. ಮೂವತ್ತು ವರ್ಷ ಗೌಂಡಿಯಾಗಿದ್ದವರು ಕಡೆಗೆ ಬೇರೆ ಗೌಂಡಿಗಳ ಕೈಕೆಳಗೆ ಇಟ್ಟಂಗಿ ಹೊತ್ತರೆಂದು ಕೇಳಿದೆ. ಹೋಗಿ ನೋಡಲಿಲ್ಲ…

ಅವರು ತೀರಿಕೊಂಡು ವರ್ಷವಾಗಿದೆ. ನಿನ್ನೆ ಅವರ ಮನೆಗೆ ಹೋಗಿ, ಬಾಗಿಲಲ್ಲೇ ನಿಂತು, ಅಂದು ಕಂಡದ್ದನ್ನೆಲ್ಲ ಅವರ ಹೆಂಡತಿಗೆ ಹೇಳಿದೆ. ಅವರು ಜೋಳ ಹಸನು ಮಾಡುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ಈಗ ಯಾರಿಗಿ ಹೇಳಾಕ ಬಂದೀರಿ?" ಎಂದರು.

ಒಳಗ ಬಂದು ಕುಂದ್ರಿ ಎನ್ನಲಿಲ್ಲ.