ಸಾಹೇಬರ ಗುಬ್ಬಿಗೊಂದು ಜೋಡಿ

ನನ್ನ ಮದುವೆಯಾದದ್ದು ಒಂದು ಹಕ್ಕಿಯ ಸಲುವಾಗಿ ಎಂದರೆ ನೀವು ನಗುತ್ತೀರಿ. ನಗಿರಿ, ಅಡ್ಡಿಯಿಲ್ಲ. ಗಂಡಿಗೂ ಹೆಣ್ಣಿಗೂ ಕೂಡಿಬರುತ್ತದೆಯೇ ಎಂದು ಹಿರಿಯರು ನೋಡುವುದನ್ನು ನೀವು ಕಂಡಿರುತ್ತೀರಿ. ನನ್ನ ವಿಷಯದಲ್ಲಿ ಅವರು ನೋಡಿದ್ದು ಹೆಣ್ಣಿಗೂ ಪಂಜರದೊಳಗಿನ ಕ್ಯಾನರಿಗೂ ಕೂಡಿಬರುತ್ತದೆಯೇ ಎಂಬುದನ್ನು. ನನ್ನನ್ನು ಯಾರೂ ಕೇಳಲಿಲ್ಲ.

ಜತ್ತ ಸಂಸ್ಥಾನ ವಿಲೀನವಾದಾಗ ಅಲ್ಲಿದ್ದ ಇಂಗ್ಲಿಷ್ ಸಾಹೇಬರೊಬ್ಬರು ಗಂಟುಮೂಟೆ ಕಟ್ಟಿದರು. ಅವರ ಮಕ್ಕಳಿಗೆ ನಾನು ಮರಾಠಿ ಹೇಳಿಕೊಟ್ಟಿದ್ದೆ. ಆ ಪ್ರೀತಿಗೆ ತಮ್ಮ ಹಳದಿ ಕ್ಯಾನರಿಯನ್ನು ಪಂಜರಸಮೇತ ನನ್ನ ಕೈಗಿಟ್ಟರು. ಕೊಟ್ಟದ್ದನ್ನು ಬೇಡ ಎನ್ನುವ ಧೈರ್ಯ ನಮ್ಮ ವಂಶದಲ್ಲೇ ಇಲ್ಲ. ಬಿಳೂರಿನ ಸಾಲಿ ಮಾಸ್ತರನಾಗಿದ್ದ ನಾನು ಅದನ್ನು ತಂದು ನನ್ನ ಬಾಡಿಗೆ ಕೋಣೆಯ ಕಿಟಕಿಗೆ ತೂಗುಹಾಕಿದೆ. ಊರವರ ಬಾಯಲ್ಲಿ ಅದು 'ಸಾಹೇಬರ ಗುಬ್ಬಿ'ಯಾಯಿತು. ಅದು ಹಾಡಿತು, ನಾನು ಓದಿದೆ. ಒಬ್ಬರ ಉಸಾಬರಿ ಇನ್ನೊಬ್ಬರಿಗಿರಲಿಲ್ಲ. ಇಬ್ಬರೂ ಬ್ರಹ್ಮಚಾರಿಗಳು, ಸುಖವಾಗಿದ್ದೆವು.

ಒಬ್ಬನೇ ಇರುವುದೆಂದರೆ ನನಗೆ ಅಷ್ಟು ಇಷ್ಟ. ಆದರೆ ಬಿಳೂರಿನಲ್ಲಿ ಒಬ್ಬನೇ ಇರುವುದು ಒಂದು ಬಗೆಯ ಜಡ್ಡು. ಒಬ್ಬನೇ ಉಣ್ಣಲು ಕುಳಿತರೆ ಸಾಕು, ದಾರಿಯಲ್ಲಿ ಹೋಗುವವರು ಬಾಗಿಲಲ್ಲಿ ನಿಂತು, "ಒಬ್ರ ಉಣ್ಣಾಕತ್ತೀರಲ್ರಿ ಮಾಸ್ತರ, ಮೈಯಾಗ ಆರಾಮಿಲ್ಲೇನು?" ಎಂದು ಕೇಳುತ್ತಿದ್ದರು. ಆರಾಮಾಗಿದ್ದೇನೆ ಎಂದರೆ ಅವರ ಚಿಂತೆ ಇನ್ನೂ ಹೆಚ್ಚುತ್ತಿತ್ತು.

ಹೀಗಿರುವಾಗ ಹಕ್ಕಿ ಹಾಡುವುದನ್ನು ಬಿಟ್ಟಿತು. ಕಾಳು ಮುಟ್ಟದು, ಪುಕ್ಕ ಉದುರುತ್ತಿದೆ, ಮೈ ಉಬ್ಬಿಸಿಕೊಂಡು ಮೂಲೆಯಲ್ಲಿ ಕೂತಿದೆ. ಸತ್ತೇಹೋಗುತ್ತದೆಂದು ನನಗೆ ಗಾಬರಿಯಾಯಿತು. ಮನೆಯೊಡತಿ ನೀಲವ್ವತ್ತಿ ಒಂದು ಗಳಿಗೆ ನೋಡಿ, "ಅದಕ್ಕ ಜೋಡಿ ಇಲ್ರಿ, ಕೊರಗಾಕತ್ತದ," ಎಂದು ತೀರ್ಪು ಕೊಟ್ಟಳು. ಜೋಡಿ ತರೋಣವೆಂದರೆ ಆ ಜಾತಿಯ ಇನ್ನೊಂದು ಹಕ್ಕಿ ನಮ್ಮ ಕಡೆಗೆ ಎಲ್ಲಿಂದ ಬರಬೇಕು?

ಆಗ ಬಂದವನು ಮಾಡಗ್ಯಾಳದ ಬೀರಪ್ಪ. ಕುರಿ ಕಾಯುವವನು, ನೀಲವ್ವತ್ತಿಯ ಮನೆಗೆ ಕಂಬಳಿ ಕೊಡುವವನು. ಅವನ ದಂಧೆಯಲ್ಲಿ ಒಂದು ಕಟ್ಟಳೆಯಿತ್ತು. ಒಂಟಿ ಮರಿಯನ್ನು ಅವನು ಯಾರಿಗೂ ಮಾರುತ್ತಿರಲಿಲ್ಲ. ಹಿಂಡು ಬಿಟ್ಟ ಒಂಟಿ ಕುರಿ ಮೇಯದೆ, ಅರಚಿ ಅರಚಿ ಸೊರಗುತ್ತದೆ ಎನ್ನುತ್ತಿದ್ದ.

"ಹಕ್ಕಿ ಅಂದ್ರ ಕುರಿ ಅಲ್ಲಲ್ಲೋ ಬೀರಪ್ಪಾ," ಎಂದೆ.

"ಒಂಟಿ ಜೀವ ಯಾವುದಾದ್ರೂ ಅಷ್ಟರಿ. ಮಗ್ಗಲದಾಗ ಒಂದು ಉಸುರಾಡಬೇಕು. ಯಾರದರ ಆಗ್ಲಿ."

ಮರುದಿನವೇ ಪಂಜರದ ಕೆಳಗೆ ಒಂದು ಕುರಿಮರಿ ಕಟ್ಟಿಹೋದ. ಮಾಡಗ್ಯಾಳದ ಮರಿ, ಗಿಣಿಮೂತಿಯ ಚೆಲುವ. ಹಕ್ಕಿ ಅದರತ್ತ ಕಣ್ಣೆತ್ತಿಯೂ ನೋಡಲಿಲ್ಲ. ಮರಿ ಮಾತ್ರ ತನ್ನ ಹಿಂಡು ನೆನೆದು ಊರು ಎದ್ದು ಕೂರುವ ಹಾಗೆ ಅರಚಿತು. ಬೀರಪ್ಪ ಓಡಿಬಂದು, ಕಟ್ಟಳೆ ತಪ್ಪಿದ್ದು ತಾನೇ ಎಂದು ಹಣೆ ಬಡಿದುಕೊಂಡು, ಅದಕ್ಕೆ ಇನ್ನೊಂದು ಮರಿಯನ್ನು ಜೋಡಿ ತಂದ. ಎರಡೂ ಕೂಡಿ ನನ್ನ ಧೋತರದ ಅಂಚನ್ನು ಮೇಯ್ದು ಸುಖವಾಗಿ ನಿದ್ದೆ ಹೋದವು. ಕುರಿಗಳ ಒಂಟಿತನವೇನೋ ನೀಗಿತು, ಹಕ್ಕಿಯದು ಹಾಗೇ ಉಳಿಯಿತು.

ಕೊನೆಗೆ ಓಣಿಯ ಹಿರಿಯರೆಲ್ಲ ನನ್ನ ಕೋಣೆಯಲ್ಲೇ ಕೂಡಿದರು. ನೀಲವ್ವತ್ತಿ ಮೂಲಕ್ಕೇ ಕೈಹಾಕಿದಳು.

"ಈ ಮನಿಯಾಗ ಒಂದು ಮಾತಿಲ್ಲ, ಕತಿ ಇಲ್ಲ, ಬಳಿ ಸಪ್ಪಳಿಲ್ಲ. ಮಾಸ್ತರ ಅಂತೂ ಪುಸ್ತಕದಾಗ ಮಾರಿ ಇಟ್ಟು ಕುಂದ್ರತಾರ. ಪಾಪ, ಗುಬ್ಬಿ ಯಾರ ಮುಂದ ಹಾಡಬೇಕು? ಮಾಸ್ತರಗ ಲಗ್ನ ಮಾಡ್ರಿ, ಗುಬ್ಬಿ ಬದುಕತದ."

ಎಲ್ಲರೂ ತಲೆಯಾಡಿಸಿದರು. ಇಷ್ಟು ಸರಳ ಮದ್ದು ಇಷ್ಟು ದಿನ ಹೊಳೆಯಲಿಲ್ಲವಲ್ಲ ಎಂದು ಬೀರಪ್ಪನಿಗೆ ನಾಚಿಕೆಯಾಯಿತು. ನನ್ನ ಪಾಡು ನೋಡಿ: ಒಲ್ಲೆ ಎಂದರೆ ಜೀವಹತ್ಯೆ, ಹೂಂ ಎಂದರೆ ನನ್ನ ಏಕಾಂತಕ್ಕೆ ಎಳ್ಳುನೀರು. ನಾನು ಅಳೆದು ಸುರಿದು ನೋಡುವಷ್ಟರಲ್ಲಿ ಅವರು ಸೋನ್ಯಾಳದ ಒಂದು ಹೆಣ್ಣಿನ ಮನೆಗೆ ಹೇಳಿಕಳಿಸಿಯೂ ಆಗಿತ್ತು.

ಕನ್ಯಾ ನೋಡಲು ಎತ್ತಿನ ಚಕ್ಕಡಿಯಲ್ಲಿ ಹೋದೆವು. ಪಂಜರ ನನ್ನ ತೊಡೆಯ ಮೇಲಿತ್ತು. ಹುಡುಗಿಯ ಹೆಸರು ಮಹಾದೇವಿ. ರೊಟ್ಟಿ ಬಡಿಯಲು ಬರುತ್ತದೆಯೇ, ಓದು ಬರುತ್ತದೆಯೇ ಎಂದು ಒಬ್ಬರೂ ಕೇಳಲಿಲ್ಲ. ನೀಲವ್ವತ್ತಿ ಪಂಜರವನ್ನು ಆಕೆಯ ಮುಂದೆ ಸರಿಸಿ, "ಒಂದೀಟು ಮಾತಾಡಿಸವ್ವ," ಎಂದಳು. ಹುಡುಗಿ ಮೊದಲು ನಮ್ಮೆಲ್ಲರನ್ನು, ಇವರಿಗೇನಾಗಿದೆ ಎಂಬಂತೆ ನೋಡಿದಳು. ಆಮೇಲೆ ಹಕ್ಕಿಗೆ ಮೆಲ್ಲಗೆ ಹೇಳಿದಳು:

"ಹಾಡಾಕ ಮನಸಿಲ್ಲಂದ್ರ ಬಿಡು. ನನಗೂ ಇವತ್ತ ಮಂದಿ ಮುಂದ ಬರಾಕ ಮನಸಿದ್ದಿಲ್ಲ."

ಹಕ್ಕಿ ಕತ್ತು ಹೊರಳಿಸಿ ನೋಡಿ ಒಂದು ಕಾಳು ಕುಟುಕಿತು. "ಒಪ್ಪಿತು," ಎಂದು ಸಕ್ಕರೆ ಹಂಚಿಯೇಬಿಟ್ಟರು. ಆಕೆಯ ಮಾತು ನನ್ನ ಎದೆಗೂ ನಾಟಿತ್ತು. ನನಗೂ ಒಪ್ಪಿದೆ ಎಂದು ಹೇಳಲು ಬಾಯಿ ತೆರೆದೆ. ಯಾರೋ ಅದರಲ್ಲಿ ಸಕ್ಕರೆ ಹಾಕಿದರು.

ಮದುವೆಯಾಯಿತು. ಸ್ವಲ್ಪ ದಿನಗಳಲ್ಲಿ ಹಕ್ಕಿಗೆ ಹೊಸ ಪುಕ್ಕ ಬಂತು, ಅದು ಮತ್ತೆ ಹಾಡತೊಡಗಿತು. ಊರವರೆಲ್ಲ ತಮ್ಮ ಬೆನ್ನು ತಾವೇ ಚಪ್ಪರಿಸಿಕೊಂಡರು. ಮುಂದೆ ವರ್ಷಕ್ಕೊಮ್ಮೆ ಅದು ಸುಮ್ಮನಾದರೂ ಯಾರೂ ಲೆಕ್ಕಕ್ಕಿಡಲಿಲ್ಲ, ಜೋಡಿಯಂತೂ ಇತ್ತಲ್ಲ. ಎಷ್ಟೋ ವರ್ಷಗಳ ಮೇಲೆ ಎಲ್ಲಿಯೋ ಓದಿ ತಿಳಿದುಕೊಂಡೆ: ಕ್ಯಾನರಿ ವರ್ಷಕ್ಕೊಮ್ಮೆ ಪುಕ್ಕ ಕಳಚುತ್ತದೆ, ಆಗ ಹಾಡುವುದಿಲ್ಲ, ತಾನಾಗಿಯೇ ಸರಿಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಗಂಡು ಕ್ಯಾನರಿ ಚೆನ್ನಾಗಿ ಹಾಡುವುದು ಒಂಟಿಯಾಗಿದ್ದಾಗಲೇ ಅಂತೆ. ಜೋಡಿ ಸಿಕ್ಕರೆ ಸುಮ್ಮನಾಗುತ್ತದಂತೆ. ಓದಿ ಪುಸ್ತಕ ಮುಚ್ಚಿಟ್ಟೆ. ನೀಲವ್ವತ್ತಿಗೆ ಹೇಳಿ ನಾನು ಆ ಊರಲ್ಲಿ ಬಾಳಬೇಡವೇ?

ಇನ್ನು ನನ್ನ ಏಕಾಂತದ ಮಾತು. ಅದಕ್ಕೆ ಕೂದಲೆಳೆಯಷ್ಟೂ ಧಕ್ಕೆಯಾಗಲಿಲ್ಲ. ಮಹಾದೇವಿ ಬಂದದ್ದು ಗುಬ್ಬಿಗೆ ಜೋಡಿಯೆಂದು. ಆ ಕೆಲಸವನ್ನು ಆಕೆ ನಿಷ್ಠೆಯಿಂದ ಮಾಡಿದಳು. ತವರಿನ ಸುದ್ದಿ, ಬಾವಿಕಟ್ಟೆಯ ಜಗಳ, ಕನಸು, ಹಲ್ಲುನೋವು, ಎಲ್ಲವೂ ಪಂಜರದ ಮುಂದೆ. ನನಗೆ ಹೊತ್ತುಹೊತ್ತಿಗೆ ಊಟ, ಮತ್ತು ಬೇಕಾದಷ್ಟು ಮೌನ. ನಾನು ಬೇಡಿಕೊಂಡದ್ದು ಇದನ್ನೇ ಅಲ್ಲವೇ? ಆದರೂ ಹಕ್ಕಿಯ ನೀರು ಬದಲಿಸುವ ನೆವದಲ್ಲಿ ನಾನು ಆಗಾಗ ಅಲ್ಲಿ ಸುಳಿದಾಡುತ್ತಿದ್ದೆ. ಆಕೆ ಮಾತು ನಿಲ್ಲಿಸಿ ನಾನು ಹೋಗುವುದನ್ನು ಕಾಯುತ್ತಿದ್ದಳು. ಒಂದು ಬೊಗಸೆ ಹಳದಿ ಪುಕ್ಕದ ಮೇಲೆ ನನಗೆ ಹೊಟ್ಟೆಕಿಚ್ಚು ಬಂದಿತ್ತು. ಹೇಳಿಕೊಳ್ಳುವುದು ಯಾರ ಮುಂದೆ?

ಕೆಲವು ವರ್ಷ ಬಾಳಿ ಒಂದು ಚಳಿಗಾಲದ ಮುಂಜಾನೆ ಹಕ್ಕಿ ಸತ್ತಿತು. ಹಿತ್ತಲಲ್ಲಿ ಇಬ್ಬರೂ ಕೂಡಿಯೇ ಮಣ್ಣು ಮಾಡಿದೆವು. ಆಕೆ ಕೈ ತೊಳೆದುಕೊಂಡು ಬಂದು ಹೊಸ್ತಿಲ ಮೇಲೆ ಕುಳಿತಳು. ನನ್ನ ಕಡೆ ನೋಡದೆ ಕೇಳಿದಳು:

"ಅದಕ್ಕ ಜೋಡಿ ಅಂತ ನನ್ನ ತಂದ್ರಿ. ಈಗ ನಾ ಯಾರಿಗೆ ಜೋಡಿರಿ?"

"ನನಗ," ಎಂದೆ.

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನನ್ನೇ ದಿಟ್ಟಿಸಿದಳು.

"ಇಷ್ಟ ಹೇಳಾಕ ಗುಬ್ಬಿ ಸಾಯಬೇಕಾಗಿತ್ತೇನ್ರಿ?"