ಗಿಡ್ಡಿಯ ಕೊರಳ ಹಗ್ಗ

ಆಗ ನನಗೆ ಹತ್ತೊಂಬತ್ತು. ಅರವತ್ತು ವರ್ಷದ ಮೇಲಾಯಿತು. ಚೀನಾದವರ ಜೊತೆ ಯುದ್ಧ ಮುಗಿದ ಮಾರನೆಯ ವರ್ಷ. ನಾನು ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು, ಚೆಂದ ಮಾಡಿ ಹೇಳಲು ಬರುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನನ್ನ ತವರು ಶೆಟ್ಟಿಹಳ್ಳಿ. ಕೊಟ್ಟಿದ್ದು ಹೆಬ್ಬಾಳಕ್ಕೆ. ಮದುವೆಯಲ್ಲಿ ಅಮ್ಮ ಬಳುವಳಿ ಎಂದು ಒಂದು ಹಸು ಹೊಡೆದುಕೊಟ್ಟಳು. ಕುಳ್ಳಗಿತ್ತು, ಅದಕ್ಕೇ ಗಿಡ್ಡಿ. ಕೊರಳಿಗೆ ಅಮ್ಮನೇ ಕತ್ತಾಳೆ ನಾರಿನಲ್ಲಿ ಹೊಸ ಹಗ್ಗ ಹೊಸೆದು, ನಡುವೆ ಒಂದು ಕವಡೆ ಪೋಣಿಸಿ ಕಟ್ಟಿದ್ದಳು. ಅಮ್ಮ ಎಡಗೈಯವಳು. ಅವಳು ಹೊಸೆದ ಹಗ್ಗದ ಹುರಿ ಬೇರೆಯವರ ಹಗ್ಗಕ್ಕಿಂತ ಉಲ್ಟಾ ತಿರುಗಿರುತ್ತಿತ್ತು. ಕತ್ತಲಲ್ಲಿ ಮುಟ್ಟಿದರೂ ಗೊತ್ತಾಗುತ್ತಿತ್ತು.

ಮದುವೆಯಾದ ವರ್ಷ ತುಂಬುವ ಮೊದಲೇ ಅಮ್ಮ ತೀರಿಕೊಂಡಳು. ಅವಳ ಸೀರೆಗಳನ್ನು ಅತ್ತಿಗೆ ಉಟ್ಟಳು, ಪಾತ್ರೆಗಳು ಅಲ್ಲೇ ಉಳಿದವು. ನನಗೆ ಉಳಿದದ್ದು ಗಿಡ್ಡಿ ಒಂದೇ. ಗಂಡನ ಮನೆಯಲ್ಲಿ ಕೂತು ಅಳಲು ಪುರುಸೊತ್ತು ಯಾರಿಗಿತ್ತು? ತೀರಾ ತಡೆಯಲಾಗದಿದ್ದಾಗ ಕೊಟ್ಟಿಗೆಗೆ ಹೋಗಿ ಗಿಡ್ಡಿಯ ಕೊರಳು ತುರಿಸುತ್ತಾ ನಿಲ್ಲುತ್ತಿದ್ದೆ. ಬೆರಳು ಆ ಹಗ್ಗದ ಮೇಲೆ ಆಡುತ್ತಿತ್ತು. ಅಷ್ಟು ಸಾಕಾಗುತ್ತಿತ್ತು.

ಗಿಡ್ಡಿ ನಮ್ಮ ಕೊಟ್ಟಿಗೆಯಲ್ಲೇ ಒಂದು ಕರು ಹಾಕಿತು. ಒಂದು ದಿನ ಬೆಳಿಗ್ಗೆ ಕರುವನ್ನು ಮನೆಯಲ್ಲೇ ಬಿಟ್ಟು ಕೆರೆ ಕಡೆಯಿಂದ ದನ ಹೊಡೆದುಕೊಂಡು ಬರುತ್ತಿದ್ದೆ. ಬಳ್ಳಾರಿ ರಸ್ತೆ ದಾಟುವಾಗ ಒಂದು ಲಾರಿ ಸವರಿಕೊಂಡು ಹೋಯಿತು. ಅದರ ಪಕ್ಕದಲ್ಲಿ ಹೊರಚಾಚಿದ್ದ ಕಬ್ಬಿಣದ ಕೊಕ್ಕೆ ಗಿಡ್ಡಿಯ ಎಡಪಕ್ಕೆಯನ್ನು ಸೀಳಿತು. ಮಾಂಸ ಬಾಯಿಬಿಟ್ಟು ಒಳಗಿನದೆಲ್ಲ ಕಾಣುತ್ತಿತ್ತು. ಲಾರಿಯವನು ನಿಲ್ಲಿಸಲಿಲ್ಲ. ಹೊಲದಲ್ಲಿದ್ದ ನಮ್ಮ ಯಜಮಾನರು ಓಡಿ ಬಂದರು. ಹಳೇ ಸೀರೆಯೊಂದನ್ನು ತಂದು ಹಸುವಿನ ಹೊಟ್ಟೆಗೆ ಸುತ್ತಿ ಬಿಗಿದೆವು. ದನದ ಆಸ್ಪತ್ರೆ ಹತ್ತಿರವೇ ಇತ್ತು. ಅವರು ಮುಂದೆ ಹಗ್ಗ ಹಿಡಿದರು, ನಾನು ಪಕ್ಕದಲ್ಲಿ ಗಾಯ ಒತ್ತಿಕೊಂಡು ನಡೆದೆ.

ಆಸ್ಪತ್ರೆಯ ಅಂಗಳದಲ್ಲಿ ಒಂದು ಗುಂಪು ಡಾಕ್ಟರುಗಳು ನಿಂತಿದ್ದರು. ಕೆಲವರಿಗೆ ತಲೆ ನರೆತಿತ್ತು. ಬೇರೆ ಬೇರೆ ತಾಲ್ಲೂಕಿನಲ್ಲಿ ಕೆಲಸದಲ್ಲಿದ್ದ ದನದ ಡಾಕ್ಟರುಗಳನ್ನು ಕರೆಸಿ, ಹೊಸ ವಿದ್ಯೆ ಕಲಿಸುತ್ತಿದ್ದರಂತೆ. ಕಲಿಸುತ್ತಿದ್ದವರು ಉದ್ದಕ್ಕಿದ್ದ ದೊಡ್ಡ ಡಾಕ್ಟರು. ಅವರು ಸೀರೆ ಸರಿಸಿ ಗಾಯ ನೋಡಿದರು. ಆಮೇಲೆ ಆ ಗುಂಪಿನ ಕಡೆ ತಿರುಗಿ, "ನೀವೆಲ್ಲ ಇಷ್ಟು ದಿನ ಏನ್ ಮಾಡ್ತಿದ್ರಿ? ನಾಲ್ಕು ಜನ ಮೇಲೆ ಕೂತು, ಅದು ಬಡ್ಕೊಳ್ತಿದ್ರೂ ಹೊಲೀತಿದ್ರಿ. ಅರ್ಧ ದನ ಆ ಭಯಕ್ಕೇ ಸಾಯ್ತಿದ್ವು. ಇವತ್ತು ಔಷಧಿ ಕೊಟ್ಟು ಹೊಲಿಯೋದು ನೋಡಿ," ಎಂದರು. ನನ್ನ ಕಡೆಗೆ ತಿರುಗಿ, "ನೀನು ಆಚೆ ಕೂತ್ಕೋಮ್ಮ," ಎಂದರು, ಅಷ್ಟೇ.

ಯಜಮಾನರಿಗೆ ಗದ್ದೆಯ ನೀರಿನ ಸರದಿ. "ಅವ್ವಂಗೆ ಹೇಳಿ ಓಗ್ತೀನಿ, ನೀನು ಇಲ್ಲೇ ಇರು," ಎಂದು ಹೋದರು. ನಾನು ಗೋಡೆಯಾಚೆ ಹೊಂಗೆ ಮರದ ಕೆಳಗೆ ಕೂತೆ. ಕೂಗು ಕೇಳುತ್ತದೆ ಎಂದು ಕಿವಿ ಕೊಟ್ಟುಕೊಂಡೇ ಇದ್ದೆ. ಒಂದು ಕೂಗೂ ಬರಲಿಲ್ಲ. ಕೂಗಿದ್ದರೇ ಚೆನ್ನಾಗಿತ್ತು.

ಬಿಸಿಲು ನೆತ್ತಿಗೇರಿದ ಮೇಲೆ ನಮ್ಮತ್ತೆ ಬಂದರು, ಕೈಯಲ್ಲಿ ಚೊಂಬು ನೀರು. ಆ ಹೊತ್ತಿಗೆ ಡಾಕ್ಟರುಗಳು ಕೆಲಸ ಮುಗಿಸಿ ಆಚೆ ನಲ್ಲಿಯಲ್ಲಿ ಕೈ ತೊಳೆಯುತ್ತಾ ಮಾತಾಡುತ್ತಿದ್ದರು. ನಾವಿಬ್ಬರೂ ಗೋಡೆ ದಾಟಿ ಒಳಗೆ ಹೋದೆವು.

ಹುಲ್ಲಿನ ಹಾಸಿನ ಮೇಲೆ ಗಿಡ್ಡಿ ಮಲಗಿತ್ತು. ಕಾಲು ನಾಲ್ಕೂ ಸೆಟೆದು ಚಾಚಿತ್ತು. ಕಣ್ಣು ತೆರೆದೇ ಇತ್ತು, ನೊಣ ಕೂತರೂ ರೆಪ್ಪೆ ಆಡಲಿಲ್ಲ. ನಾಲಗೆ ಒಂದು ಕಡೆಗೆ ಹೊರಬಿದ್ದು ಜೊಲ್ಲು ನೆಲಕ್ಕೆ ಇಳಿಯುತ್ತಿತ್ತು. ಹತ್ತಿರ ಯಾರೂ ಇರಲಿಲ್ಲ.

ಅತ್ತೆ ನೋಡಿದ ತಕ್ಷಣ, "ಓಯ್ತಲ್ಲೇ," ಎಂದರು.

ನಾನು, "ಇಲ್ಲ ಅತ್ತೆ, ಹೊಲಿಗೆ ಹಾಕವ್ರೆ ನೋಡಿ," ಎಂದೆ.

"ಸತ್ ದನ ನಾನು ನೋಡಿಲ್ವೇನೆ? ಕಣ್ಣು ನೋಡು. ಹೊಲಿಗೆ ಹಾಕ್ಬುಟ್ರೆ ಜೀವ ನಿಂತ್ಕಂಬುಡ್ತದಾ? ಬಾಯಿಗೆ ನೀರು ಬುಡು. ನಿನ್ನ ತವರಿನ ಅಸ, ನೀನೇ ಬುಡಬೇಕು. ಮೊದ್ಲು ಅಗ್ಗ ಬಿಚ್ಚು."

ನಮ್ಮ ಕಡೆ ಹಸು ಸತ್ತರೆ ಮೊದಲು ಕೊರಳ ಹಗ್ಗ ಬಿಚ್ಚುತ್ತಾರೆ. ಕಟ್ಟಿಸಿಕೊಂಡು ಹೋಗಬಾರದು ಎಂದು. ಬಿಚ್ಚಿದ ಹಗ್ಗವನ್ನು ಮರದ ಮೇಲಕ್ಕೆ ಎಸೆಯುತ್ತಾರೆ, ಮತ್ತೆ ಕೊಟ್ಟಿಗೆಗೆ ತರುವುದಿಲ್ಲ. ಆಮೇಲೆ ಹಣೆಗೆ ಅರಿಶಿನ ಕುಂಕುಮ, ಬಾಯಿಗೆ ನೀರು. ನಾನು ಹಗ್ಗ ಬಿಚ್ಚಿದೆ. ಅಮ್ಮ ಹಾಕಿದ ಗಂಟು, ಹಲ್ಲಿನಲ್ಲಿ ಕಚ್ಚಿ ಬಿಚ್ಚಬೇಕಾಯಿತು. ಅತ್ತೆ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಗೋಡೆಯಾಚೆಯ ಹೊಂಗೆ ಮರದ ಮೇಲಕ್ಕೆ ಎಸೆದರು. ಸೆರಗಿನ ಗಂಟಿನಿಂದ ಕುಂಕುಮ ತೆಗೆದು ಹಸುವಿನ ಹಣೆಗೆ ಇಟ್ಟರು. ನಾನು ಚೊಂಬು ಎತ್ತಿದೆ.

"ಏ ತಂಗಿ! ನೀರ ಹಾಕಬ್ಯಾಡ!"

ಯಾರೋ ಓಡಿ ಬಂದು ಚೊಂಬಿಗೆ ಒಂದು ಏಟು ಕೊಟ್ಟರು. ಚೊಂಬು ಹಾರಿ ಆಚೆ ಬಿತ್ತು. ಕಲಿಯಲು ಬಂದಿದ್ದ ಡಾಕ್ಟರುಗಳಲ್ಲಿ ಅವರೊಬ್ಬರು, ಧಾರವಾಡದ ಕಡೆಯವರು. ಮೊಣಕೈವರೆಗೂ ಸೋಪಿನ ನೊರೆ ಹಾಗೇ ಇತ್ತು.

"ಸತ್ತಿಲ್ಲ ತಂಗಿ ಅದು! ಔಷಧಿ ಕೊಟ್ಟು ಮಲಗಿಸೇವಿ. ಈಗ ನೀರ ಹಾಕಿದ್ರ ಶ್ವಾಸದಾಗ ಹೋಗಿ ಖರೇನ ಸಾಯ್ತೈತಿ!"

ನಾನು ನಂಬಲಿಲ್ಲ. ಅವರು ನನ್ನ ಕೈ ಹಿಡಿದು ಗಿಡ್ಡಿಯ ಮೂಗಿನ ಮುಂದೆ ಇಟ್ಟರು. ಬಿಸಿ ಉಸಿರು ತಾಗಿತು. ನಿಧಾನವಾಗಿ ಬಂತು, ನಿಂತಿತು, ಮತ್ತೆ ಬಂತು. ನಾನು ಕೈ ತೆಗೆಯದೆ ಅಲ್ಲೇ ಕೂತುಬಿಟ್ಟೆ.

ದೊಡ್ಡ ಡಾಕ್ಟರೂ ಬಂದರು. ಮೊದಲು ಬೈದಿದ್ದು ಆ ಧಾರವಾಡದ ಡಾಕ್ಟರನ್ನೇ. "ಏನ್ರೀ, ಮಲಗಿಸಿದ ಮೇಲೆ ತಲೆ ಹತ್ತಿರದಿಂದ ಏಳಬಾರದು ಅಂತ ಬೆಳಿಗ್ಗೆ ತಾನೇ ಹೇಳಿದ್ನಲ್ಲ? ಅದು ಎದ್ದು ನಿಲ್ಲೋವರೆಗೂ ನಿಮ್ಮ ಕೆಲಸ ಮುಗಿದಿಲ್ಲ." ಆಮೇಲೆ ನೀರು ಚೆಲ್ಲಿದ ಜಾಗ ನೋಡಿದರು, ಹಣೆಯ ಕುಂಕುಮ ನೋಡಿದರು. ದನಿ ತಗ್ಗಿತು. "ಇನ್ನೊಂದು ನೆನಪಿಟ್ಕೊಳ್ಳಿ ಎಲ್ಲರೂ. ಮಲಗಿಸೋಕೆ ಮುಂಚೆ ಹಸುವಿನವರಿಗೆ ಹೇಳಬೇಕು, ಇಂಥಿಂಥಾ ಥರ ಕಾಣುತ್ತೆ ಅಂತ. ಇದನ್ನ ನಾನೂ ಹೇಳಿಕೊಟ್ಟಿರ್ಲಿಲ್ಲ."

ಧಾರವಾಡದ ಡಾಕ್ಟರು ಗಿಡ್ಡಿಯ ತಲೆಯ ಹತ್ತಿರ ಕೂತರು. ಸಂಜೆವರೆಗೂ ಏಳಲಿಲ್ಲ. ಆಗಾಗ ಬೆರಳ ತುದಿಯಿಂದ ರೆಪ್ಪೆ ಮುಟ್ಟುವರು, ಉಸಿರು ನೋಡುವರು. "ಇಷ್ಟ ವರ್ಷದಿಂದ ದನಾ ನೋಡ್ತೀನಿ ತಂಗಿ, ಹಿಂಗ ಮಲಗಿಸಿದ್ದು ನಾನೂ ಇವತ್ತ ಮೊದಲು. ನಿನ್ನಷ್ಟ ನನಗೂ ಎದಿ ಹೊಡಕೊಳ್ಳಾಕತ್ತೈತಿ," ಎಂದರು. ನಾನು ಅಮ್ಮನ ವಿಷಯ ಹೇಳಿದೆ. ಯಾಕೆ ಹೇಳಿದೆನೋ. ಅವರು ತಮ್ಮ ಮನೆಯವರನ್ನೂ ಮಕ್ಕಳನ್ನೂ ಊರಲ್ಲಿ ಬಿಟ್ಟು ಬಂದಿದ್ದರು. "ಇಲ್ಲಿ ಅನ್ನಾ ಉಂಡು ಉಂಡು ಸಾಕಾಗೇತಿ. ರೊಟ್ಟಿ ಬಡಿಯೋ ಸಪ್ಪಳಾ ಕೇಳಿದ್ರ ಸಾಕು ಅನ್ನಸ್ತೈತಿ, ತಿನ್ನೂದು ಆಮ್ಯಾಲಿನ ಮಾತು," ಎಂದರು.

ಬಿಸಿಲು ಇಳಿದಾಗ ಗಿಡ್ಡಿಯ ಕಿವಿ ಅಲ್ಲಾಡಿತು. ನಾಲಗೆ ಒಳಗೆ ಹೋಯಿತು. ಎದೆಯ ಮೇಲೆ ಹೊರಳಿ ಕೂತಿತು. ಬಹಳ ಹೊತ್ತಾದ ಮೇಲೆ ಹಿಂಗಾಲು ಎತ್ತಿ, ಕುಡಿದವರ ಹಾಗೆ ತೂರಾಡಿ, ಎದ್ದು ನಿಂತಿತು. ಆ ಡಾಕ್ಟರುಗಳೆಲ್ಲ ಹುಡುಗರ ಹಾಗೆ ಚಪ್ಪಾಳೆ ಹೊಡೆದರು.

ಅತ್ತೆ ಮಾತ್ರ ಹೊಡೆಯಲಿಲ್ಲ. ಅಷ್ಟೊತ್ತಿಗೆ ಬಂದಿದ್ದ ಮಗನಿಗೆ ಹೇಳಿದರು, "ಇದು ನಮ್ ಕೊಟ್ಟಿಗೆಗೆ ಬರಂಗಿಲ್ಲ ಕಣೋ."

"ಯಾಕವ್ವ? ಬದುಕೈತಲ್ಲ!"

"ಅಗ್ಗ ಬಿಚ್ಚಾಯ್ತು, ಮರಕ್ಕೆ ಎಸ್ದಾಯ್ತು. ಕಳಿಸಿಕೊಟ್ಟಿದ್ದನ್ನ ಮತ್ತೆ ಕಟ್ಟಿದ್ರೆ ಕೊಟ್ಟಿಗೆ ಉಳಿಯಾಕಿಲ್ಲ."

ಧಾರವಾಡದ ಡಾಕ್ಟರು ಕೈ ಮುಗಿದು ಹೇಳಿದರು. "ಯವ್ವಾ, ಅದು ಸತ್ತೇ ಇರ್ಲಿಲ್ಲ. ತಪ್ಪು ನಂದು, ನಾ ಎದ್ದು ಹೋಗಬಾರದಿತ್ತು."

"ನೀವು ಸತ್ತಿಲ್ಲ ಅಂತೀರ ಸ್ವಾಮಿ. ನಾವು ಸತ್ತೈತೆ ಅಂತ ಮಾಡ್ಬುಟ್ವಿ. ಮಾಡಿದ್ದು ಮಾಡಿದ್ದೇ."

ಅತ್ತೆ ಕೆಟ್ಟವರಲ್ಲ. ಅವರು ಸೊಸೆಯಾಗಿ ಬಂದ ಹೊಸದರಲ್ಲಿ ದೊಡ್ಡ ರೋಗ ಬಂದು ಕೊಟ್ಟಿಗೆಯಲ್ಲಿ ಒಂದು ದನವೂ ಉಳಿದಿರಲಿಲ್ಲವಂತೆ. ಆ ಭಯ ಅವರಿಗೆ ಸಾಯುವವರೆಗೂ ಹೋಗಲಿಲ್ಲ. ನಾನು ಕಾಲು ಹಿಡಿದೆ. "ಕರು ಇರ್ಲಿ, ಅದು ನಮ್ ಕೊಟ್ಟಿಗೇಲಿ ಹುಟ್ಟಿದ್ದು. ಇದು ಬ್ಯಾಡ," ಎಂದರು. ಯಜಮಾನರು ನೆಲ ನೋಡುತ್ತಾ ನಿಂತರು. ಅವರ ಸ್ವಭಾವವೇ ಅಷ್ಟು.

ಹೊಲಿಗೆ ಒಣಗುವವರೆಗೆ ಗಿಡ್ಡಿ ಆಸ್ಪತ್ರೆಯಲ್ಲೇ ಇತ್ತು. ಆಮೇಲೆ ನಮ್ಮಣ್ಣ ಬಂದು ಯಶವಂತಪುರದ ಮೇಲೆ ಶೆಟ್ಟಿಹಳ್ಳಿಗೆ ನಡೆಸಿಕೊಂಡು ಹೋದ. ರಸ್ತೆಯ ತಿರುವಿನವರೆಗೂ ನಾನು ಹೋಗಿದ್ದೆ. ಗಿಡ್ಡಿ ದಾರಿ ಗೊತ್ತಿರುವ ಹಾಗೆ ಮುಂದೆ ಮುಂದೆ ಹೋಯಿತು, ತಿರುಗಿ ನೋಡಲಿಲ್ಲ. ನಿಜ ಹೇಳುತ್ತೇನೆ, ನನಗೆ ಹೊಟ್ಟೆಕಿಚ್ಚಾಯಿತು. ಬಳುವಳಿಯಾಗಿ ಬಂದ ಹಸು ತವರಿಗೆ ವಾಪಸ್ಸು ಹೋಯಿತು, ನಾನು ಇಲ್ಲೇ ಉಳಿದೆ. ಆಮೇಲೆ ಹಬ್ಬಕ್ಕೆ ಹೋದಾಗ ಒಂದೆರಡು ಸಲ ನೋಡಿದೆ. ಮೈ ಕೈ ತುಂಬಿಕೊಂಡಿತ್ತು. ನಮ್ಮಣ್ಣ ಬೇರೆ ಹಗ್ಗ ಕಟ್ಟಿದ್ದ, ಅಂಗಡಿಯದು.

ಆ ಧಾರವಾಡದ ಡಾಕ್ಟರ ಹೆಸರು ಕೇಳಲಿಲ್ಲ. ಕಲಿಕೆ ಮುಗಿದು ಊರಿಗೆ ಹೋದರು.

ಈಗ ಆರ್.ಟಿ. ನಗರದಲ್ಲಿ ಮಗಳ ಮನೆಯಲ್ಲಿದ್ದೇನೆ. ಮೊನ್ನೆ ಅವಳ ನಾಯಿ ಸ್ಕೂಟರಿಗೆ ಸಿಕ್ಕಿ ಕಾಲು ಮುರಿದುಕೊಂಡಿತು. ನಾನೂ ಜೊತೆಗೆ ಹೋಗಿದ್ದೆ. ಡಾಕ್ಟರು ಒಬ್ಬಳು ಚಿಕ್ಕ ಹುಡುಗಿ. ಒಳಗೆ ಕರೆದುಕೊಂಡು ಹೋಗುವ ಮೊದಲು ನನ್ನ ಮುಂದೆ ಬಗ್ಗಿ, "ಅಜ್ಜಿ, ಅನಸ್ತೇಶಿಯಾ ಕೊಟ್ಮೇಲೆ ಕಣ್ಣು ತೆರೆದೇ ಇರುತ್ತೆ, ನಾಲಗೆ ಹೊರಗೆ ಬಿಟ್ಟಿರುತ್ತೆ. ಹೆದರ್ಕೋಬೇಡಿ. ಉಸಿರಾಡ್ತಿರುತ್ತೆ. ನೀರು ಮಾತ್ರ ಕೊಡ್ಬೇಡಿ," ಎಂದಳು. ನಾನು ಅವಳ ಮುಖವನ್ನೇ ನೋಡಿದೆ. ಇದನ್ನು ಇವಳಿಗೆ ಯಾರು ಹೇಳಿಕೊಟ್ಟರೋ, ಅವರಿಗೆ ಯಾರು ಹೇಳಿಕೊಟ್ಟಿದ್ದರೋ. ಮನೆಗೆ ಬಂದ ಮೇಲೆ ಆ ರಾತ್ರಿ ಊಟ ಸೇರಲಿಲ್ಲ. ಗಿಡ್ಡಿಯ ಕೊರಳು ಒಂದು ಸಲ ತುರಿಸಬೇಕು ಅನ್ನಿಸಿತು. ಈ ವಯಸ್ಸಿನಲ್ಲಿ!

ಹಗ್ಗದ ವಿಷಯ ಹೇಳುವುದು ಮರೆತೆ. ಹೊಲಿಗೆ ಹಾಕಿದ ಮಾರನೆಯ ಬೆಳಿಗ್ಗೆ, ಅತ್ತೆ ಏಳುವ ಮೊದಲು ನಾನು ಆಸ್ಪತ್ರೆಯ ಹೊಂಗೆ ಮರದ ಹತ್ತಿರ ಹೋದೆ. ಹಗ್ಗ ಕೊಂಬೆಗೆ ಸಿಕ್ಕಿಕೊಂಡಿತ್ತು. ಸೀರೆ ಎತ್ತಿ ಕಟ್ಟಿ ಮರ ಹತ್ತಿ ತೆಗೆದೆ. ಮನೆಗೆ ತಂದು ಕರುವಿನ ಕೊರಳಿಗೆ ಕಟ್ಟಿದೆ. ಅತ್ತೆ ಕೊಟ್ಟಿಗೆಯ ಬಾಗಿಲಿಗೆ ಬಂದರು, ಕವಡೆ ನೋಡಿದರು.

"ಏನೇ ಅದು?"

"ಕರುಗೆ ಅಗ್ಗ ಇರ್ಲಿಲ್ಲ ಅತ್ತೆ," ಎಂದೆ.

ಅವರು ಪೊರಕೆ ತೆಗೆದುಕೊಂಡು ಅಂಗಳ ಗುಡಿಸಲು ಹೋದರು. ನಾನು ಕರುವನ್ನು ಹಿಡಿದುಕೊಂಡು ಅವರ ಮುಂದೆಯೇ ದಾಟಿ ಆಸ್ಪತ್ರೆಗೆ ಹೋದೆ. ಗಿಡ್ಡಿ ಹುಲ್ಲು ಮೇಯುತ್ತಾ ನಿಂತಿತ್ತು. ಕತ್ತು ಚಾಚಿ ಮೊದಲು ಹಗ್ಗ ಮೂಸಿತು. ಆಮೇಲೆ ಕರುವನ್ನು ನೆಕ್ಕಿತು.